ಧೂಳು ಕೂರುತ್ತದಲ್ಲ, ಅದಕ್ಕೆ

ತೀರಿಹೋದ ಸಂಗಾತಿಯ ಯಾವುದೋ ಒಂದು ವಸ್ತುವನ್ನು ಹಿರಿಯರು ಬಿಡುತ್ತಿಲ್ಲ, ‘ಸ್ವಲ್ಪ ಮಾತನಾಡಿ ಬಿಡಿಸಿ’ ಎಂದು ಮಕ್ಕಳು ಕರೆತರುವುದು ಆಪ್ತಸಮಾಲೋಚಕಿಯಾದ ನನಗೆ ಹೊಸತಲ್ಲ. ಒಮ್ಮೆ ಕೈಗಡಿಯಾರ, ಒಮ್ಮೆ ಊರುಗೋಲು, ಒಮ್ಮೆ ಅರ್ಧಕ್ಕೆ ನಿಂತ ಸ್ವೆಟರ್. ಈ ಸಲ ಕನ್ನಡಕ. ಉಳಿದವನ್ನೆಲ್ಲ ಬಿಟ್ಟು ಇದನ್ನೇ ಬರೆಯಲು ಕಾರಣವಿದೆ: ಇದರಲ್ಲಿ ಮೊದಲು ತಪ್ಪಿದವಳು ನಾನು. ವಯಸ್ಸು, ವೃತ್ತಿ, ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಕನ್ನಡಕವನ್ನೂ ಬದಲಿಸಲೇ ಎಂದು ಕೇಳಿದ್ದೆ. ‘ಅದು ಇರಲಿ’ ಎಂದರು.

ಅವರಿಗೆ 78 ವರ್ಷ. ಪತ್ನಿ ತೀರಿಕೊಂಡು ಎರಡು ವರ್ಷವಾಗಿತ್ತು. ಏಳು ತಿಂಗಳ ಹಿಂದೆ, ಯಾರ ಒತ್ತಾಯವೂ ಇಲ್ಲದೆ, ಹಿರಿಯರ ಸ್ವತಂತ್ರ ವಸತಿ ಸಮುಚ್ಚಯವೊಂದಕ್ಕೆ ಬಂದು ನೆಲೆಸಿದ್ದರು. ಇದನ್ನು ವೃದ್ಧಾಶ್ರಮ ಎಂದರೆ ಅಲ್ಲಿನವರಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಮನೆ ಅವರದು, ಬೀಗದ ಕೈ ಅವರದು, ಬೇಕಾದಾಗ ಹೋಗಿ ಬರುತ್ತಾರೆ. ಊಟದ ಹಾಲ್, ಮನೆ ಒರೆಸುವವರು, ಹಾಸಿಗೆಯ ಪಕ್ಕದಲ್ಲೊಂದು ತುರ್ತು ಗಂಟೆ ಇವೆಲ್ಲ ಸಂಸ್ಥೆಯ ಕಡೆಯಿಂದ.

ಆ ಗಂಟೆಯಿಂದಲೇ ಪ್ರಕರಣ ಶುರುವಾದದ್ದು. ಒಂದು ರಾತ್ರಿ ಎರಡು ಗಂಟೆಗೆ ಅದು ಮೊಳಗಿತು. ಸಿಬ್ಬಂದಿ ಓಡಿ ಬಂದು ನೋಡಿದರೆ ಬೀರು ಖಾಲಿ, ಬಟ್ಟೆಯೆಲ್ಲ ನೆಲದ ಮೇಲೆ, ಅವರು ಮಂಚದ ಕೆಳಗೆ ಟಾರ್ಚ್ ಹಿಡಿದು ಹುಡುಕುತ್ತಿದ್ದರು. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಪತ್ನಿಯ ಕನ್ನಡಕ ಕಾಣೆಯಾಗಿತ್ತು. ಬೆಳಿಗ್ಗೆ ಮನೆ ಒರೆಸಿದ ಹೆಂಗಸು ಅದನ್ನು ಜೋಪಾನವಾಗಿ ಅದರ ಪೆಟ್ಟಿಗೆಗೆ ಹಾಕಿ ಡ್ರಾಯರಿನಲ್ಲಿ ಇಟ್ಟಿದ್ದಳು. ವ್ಯವಸ್ಥಾಪಕರು ರಿಜಿಸ್ಟರಿನಲ್ಲಿ ‘ಗೊಂದಲ’ ಎಂದು ಬರೆದರು. ಮಗನಿಗೆ ಫೋನ್ ಹೋಯಿತು. ಮರೆವಿನ ಕಾಯಿಲೆಯೇ ಎಂಬ ಸಂಶಯದಿಂದ ವೈದ್ಯರ ತಪಾಸಣೆ ಆಯಿತು. ನೆನಪಿನ ಶಕ್ತಿಯಲ್ಲಿ ಏನೂ ಕೊರತೆ ಇಲ್ಲ ಎಂದು ಅವರು ಹೇಳಿದ ಮೇಲೆ ನನ್ನ ಬಳಿಗೆ.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತನಾಡಲಿಲ್ಲ. ಮಗನೇ ಮಾತನಾಡಿದರು. ದಿನವೂ ಬೆಳಿಗ್ಗೆ ಅಪ್ಪ ಆ ಕನ್ನಡಕವನ್ನು ಒರೆಸುತ್ತಾರೆ, ಎರಡು ವರ್ಷದಿಂದ ಒಂದು ದಿನವೂ ತಪ್ಪಿಲ್ಲ, ಇದು ಸರಿಯೇ ಮೇಡಂ? ನಾನು ಆ ಹೊತ್ತಿಗೆ ಸಿದ್ಧವಾಗಿದ್ದ ಸಲಹೆಯನ್ನು ಕೊಟ್ಟೆ. ಆ ಸಮುಚ್ಚಯದಲ್ಲಿ ತಿಂಗಳಿಗೊಮ್ಮೆ ‘ನೆನಪಿನ ಸಂಜೆ’ ನಡೆಯುತ್ತದೆ. ಆಲ್ಬಮ್ ತೆಗೆದುಕೊಂಡು ಹೋಗಿ, ನಾಲ್ಕು ಜನರ ಮುಂದೆ ಹಂಚಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದೆ. ಅವರು ಹೋದರು. ಮಾತು ಕೊಟ್ಟರೆ ಉಳಿಸಿಕೊಳ್ಳುವ ತಲೆಮಾರು. ಹದಿನಾಲ್ಕು ಜನ ಸುತ್ತ ಕುಳಿತಿದ್ದಾಗ ಯಾರೋ ಮೈಕ್ ಕೊಟ್ಟು, ‘ನಿಮ್ಮವರ ಒಂದು ಸಿಹಿ ನೆನಪು ಹೇಳಿ’ ಎಂದರಂತೆ. ಅವರು ಮೈಕನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಪಕ್ಕದವರ ಕೈಗೆ ದಾಟಿಸಿ, ಎದ್ದು ಹೋದರು. ಮುಂದಿನ ನಾಲ್ಕು ದಿನ ಊಟದ ಹಾಲ್‌ಗೆ ಬರಲಿಲ್ಲ.

ಎರಡನೆಯ ಭೇಟಿ ಪೂರ್ತಿ ಅದರ ಕ್ಷಮೆಯಾಚನೆಗೇ ಹೋಯಿತು. ಮೂರನೆಯದರ ಬಗ್ಗೆ ಬರೆಯಬೇಕು.

ಆ ದಿನ ಮಗ ಇರಲಿಲ್ಲ. ಅವರು ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ನನ್ನ ಮೇಜಿನ ಮೇಲಿಟ್ಟರು. ಕಂದು ಚೌಕಟ್ಟು. ಎಡಗಡೆಯ ಕಡ್ಡಿಯ ತುದಿಯಲ್ಲಿ ಹಲ್ಲಿನ ಗುರುತುಗಳು; ಓದುವುದನ್ನು ನಿಲ್ಲಿಸಿ ಯೋಚಿಸುವಾಗೆಲ್ಲ ಆಕೆ ಅದನ್ನು ಕಚ್ಚುತ್ತಿದ್ದರಂತೆ. ಇನ್ನೊಂದು ಜೇಬಿನಿಂದ ನಾಲ್ಕು ಮಡಿಕೆಯ ಹತ್ತಿಬಟ್ಟೆ ಬಂತು. ಗಾಜಿಗೆ ಬಾಯಿಂದ ಬಿಸಿಯುಸಿರು ಬಿಟ್ಟರು, ಹೆಬ್ಬೆರಳಿನಿಂದ ಸುತ್ತು ಸುತ್ತಾಗಿ ಒರೆಸಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮೂಗಿನ ಹತ್ತಿರದ ಮೂಲೆಯಲ್ಲಿ ಏನೋ ಉಳಿದಿದೆ ಎನ್ನಿಸಿ ಬಟ್ಟೆಯ ತುದಿಯನ್ನು ಚೂಪು ಮಾಡಿ ಅಲ್ಲಿಗೂ ಹಾಕಿದರು. ಎಲ್ಲ ಸೇರಿ ಮೂರು ನಿಮಿಷ.

‘ದಿನಾ ಯಾಕೆ ಒರೆಸುತ್ತೀರಿ ಸರ್?’ ಎಂದೆ.

‘ಧೂಳು ಕೂರುತ್ತದಲ್ಲ, ಅದಕ್ಕೆ.’

ನಾನು ಕಾದೆ. ಮೌನವಾಗಿ ಕಾದರೆ ಇದರ ಹಿಂದಿನದು ಹೊರಬರುತ್ತದೆ ಎಂದು ಕಾಯುವುದು ನಮ್ಮ ವೃತ್ತಿಯ ಚಾಳಿ. ಅವರು ಸುಮ್ಮನಿದ್ದರು. ಕೊನೆಗೆ ನಾನೇ, ‘ಪೆಟ್ಟಿಗೆಯೊಳಗೆ ಇಟ್ಟರೆ ಕೂರುವುದಿಲ್ಲವಲ್ಲ?’ ಎಂದೆ. ಹಿಂದಿನ ಬೆಂಚಿನ ವಿದ್ಯಾರ್ಥಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

‘ಕೂರದಿದ್ದರೆ ಒರೆಸುವುದು ಹೇಗೆ?’

ಆಮೇಲೆ ನಿಧಾನವಾಗಿ ಹೇಳಿದರು. ಆಕೆ ತಮ್ಮ ಕನ್ನಡಕವನ್ನು ಒಂದು ದಿನವೂ ಒರೆಸಿದವರಲ್ಲ. ಬೆರಳಿನ ಗುರುತು, ಎಣ್ಣೆಯ ಪಸೆ, ಎಲ್ಲದರ ಮಧ್ಯದಿಂದಲೇ ಲೋಕ ನೋಡುತ್ತಿದ್ದರು. ಇವರು ಬೈಯುತ್ತಾ ಕಿತ್ತುಕೊಂಡು ಒರೆಸಿ ಕೊಡುತ್ತಿದ್ದರು. ನಲವತ್ತಕ್ಕೂ ಹೆಚ್ಚು ವರ್ಷ. ‘ಇದನ್ನು ಮೈಕಿನಲ್ಲಿ ಹೇಳಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇದು ಚಪ್ಪಾಳೆಯ ವಿಷಯವೇ? ಸಿಹಿಯೂ ಅಲ್ಲ. ದಿನಾ ಜಗಳವಾಗುತ್ತಿತ್ತು.’

ಕೇಳಬೇಕಾದದ್ದನ್ನು ಕೇಳಿದೆ: ಅವರು ಇನ್ನೂ ಇದ್ದಾರೆ, ಬರುತ್ತಾರೆ ಎಂದೇನಾದರೂ ಅನ್ನಿಸುತ್ತದೆಯೇ? ‘ಮರಣ ಪ್ರಮಾಣಪತ್ರದ ಹನ್ನೆರಡು ಪ್ರತಿ ಮಾಡಿಸಿದವನು ನಾನು. ಬ್ಯಾಂಕಿಗೊಂದು, ಪಿಂಚಣಿಗೊಂದು, ವಿಮೆಗೊಂದು. ನನಗೆ ಗೊತ್ತಿಲ್ಲವೇ?’ ಎದ್ದು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿದರು. ‘ಅಲ್ಲಿ ಅಡುಗೆ ಅವರದು, ಗುಡಿಸುವುದು ಅವರದು, ಬಲ್ಬು ಹೋದರೆ ಬದಲಿಸುವವರೂ ಅವರೇ. ಬೆಳಿಗ್ಗೆ ಎದ್ದರೆ ನಾನೇ ಮಾಡಬೇಕಾದದ್ದು ಇದೊಂದು.’

ನಾನು ಕೊಟ್ಟ ಸಲಹೆ ಹುಟ್ಟಿದ್ದು ಈ ಕೊನೆಯ ಮಾತಿನಿಂದ. ಕನ್ನಡಕ ಬಿಡಿಸುವುದು ಬೇಡ ಎಂದು ಮಗನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಮೊಬೈಲ್ ತೆಗೆದು, ‘ಒಂದು ವರ್ಷ ದಾಟಿದರೆ ಕಾಯಿಲೆ ಎಂದೇ ಬರೆದಿದ್ದಾರೆ ಮೇಡಂ’ ಎಂದು ತೋರಿಸಿದರು. ಅವರು ಓದಿದ್ದು ಸುಳ್ಳಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯ 2022ರ ಆವೃತ್ತಿಯಲ್ಲಿ ದೀರ್ಘಕಾಲದ ದುಃಖವನ್ನು ಒಂದು ಕಾಯಿಲೆಯಾಗಿ ಸೇರಿಸಿದ್ದಾರೆ, ವಯಸ್ಕರಿಗೆ ಹನ್ನೆರಡು ತಿಂಗಳ ಗಡಿ ಹಾಕಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆರೇ ತಿಂಗಳು. ಆದರೆ ಕ್ಯಾಲೆಂಡರ್ ನೋಡಿ ರೋಗ ಹೇಳುವುದಿಲ್ಲ. ಆ ಕೈಪಿಡಿಯ ಪ್ರಕಾರ, ಹಂಬಲವೋ ಅದೇ ಗುಂಗೋ ಹೆಚ್ಚುಕಡಿಮೆ ದಿನವೂ ಕಾಡುತ್ತಿರಬೇಕು. ಬದುಕು ಅರ್ಥ ಕಳೆದುಕೊಂಡಿತು, ಸಾವನ್ನು ನಂಬಲಾಗುತ್ತಿಲ್ಲ, ನೆನಪು ತರುವುದನ್ನೆಲ್ಲ ತಪ್ಪಿಸಿಕೊಳ್ಳುತ್ತೇನೆ ಎಂಬಂಥ ಎಂಟು ಲಕ್ಷಣಗಳಲ್ಲಿ ಕನಿಷ್ಠ ಮೂರಾದರೂ ಜೊತೆಗಿರಬೇಕು. ಇವೆಲ್ಲದರಿಂದ ದಿನದ ಬದುಕು ಕೆಟ್ಟಿರಬೇಕು. ಇವರು ಉಣ್ಣುತ್ತಾರೆ, ಮಲಗುತ್ತಾರೆ, ತಮ್ಮ ಬಿಲ್ಲುಗಳನ್ನು ತಾವೇ ಕಟ್ಟುತ್ತಾರೆ, ಮೂರು ನಿಮಿಷ ಕನ್ನಡಕ ಒರೆಸಿ ನಲವತ್ತು ನಿಮಿಷ ವಾಕಿಂಗ್ ಹೋಗುತ್ತಾರೆ. 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಎಂಬ ಸಂಶೋಧಕರು ಶೋಕದ ಬಗ್ಗೆ ಹೇಳಿದ್ದು ಇದನ್ನೇ: ಒಮ್ಮೆ ಕಳೆದುಕೊಂಡದ್ದರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ ತೂಗಾಡುತ್ತಲೇ ಮನುಷ್ಯ ಚೇತರಿಸಿಕೊಳ್ಳುತ್ತಾನೆ. ತೂಗಾಟ ನಿಂತು ಒಂದೇ ಕಡೆ ಸಿಕ್ಕಿಕೊಂಡವರನ್ನು ನಾನು ಮನೋವೈದ್ಯರ ಬಳಿ ಕಳುಹಿಸಿದ್ದೇನೆ. ನಾಳೆ ಇವರೇ ಊಟ ಬಿಟ್ಟರೆ, ಬದುಕು ಸಾಕು ಎಂದರೆ, ಅದೇ ದಿನ ಇವರನ್ನೂ ಕಳುಹಿಸುತ್ತೇನೆ.

‘ಬಿಡಿಸಿಕೊಳ್ಳಬೇಕು’ ಎಂಬ ಮಾತು ನಮ್ಮಲ್ಲಿ ಇಷ್ಟು ಬೇರೂರಿರುವುದಕ್ಕೆ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ನ ಪಾಲೂ ಇದೆ. ತೀರಿಹೋದವರಿಂದ ಮನಸ್ಸನ್ನು ಎಳೆ ಎಳೆಯಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಆತ 1917ರಲ್ಲಿ ಬರೆದ. 1920ರಲ್ಲಿ ಆತನ ಮಗಳು ಸೋಫಿ ತೀರಿಕೊಂಡಳು. 1929ರಲ್ಲಿ, ಆಕೆ ಬದುಕಿದ್ದರೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡಿದ್ದ ಮನೋವೈದ್ಯ ಬಿನ್ಸ್‌ವಾಂಗರ್‌ಗೆ ಬರೆದ ಪತ್ರದಲ್ಲಿ, ಆ ಜಾಗ ತುಂಬುವುದಿಲ್ಲ, ತುಂಬದಿರುವುದೇ ಸರಿ, ಬಿಡಲು ಮನಸ್ಸಿಲ್ಲದ ಪ್ರೀತಿಯನ್ನು ಉಳಿಸಿಕೊಳ್ಳುವ ದಾರಿ ಅದೊಂದೇ ಎಂಬರ್ಥದ ಮಾತು ಇದೆ. ನಮ್ಮ ತರಬೇತಿಯಲ್ಲಿ ಮೊದಲನೆಯದನ್ನು ಕಲಿಸಿದಷ್ಟು ಎರಡನೆಯದನ್ನು ಕಲಿಸಲಿಲ್ಲ.

ನೆನಪಿನ ಸಂಜೆಗಳನ್ನು ನಾನು ವಿರೋಧಿಸುತ್ತೇನೆ ಎಂದು ವ್ಯವಸ್ಥಾಪಕರು ತಿಳಿದರು. ಹಾಗಿಲ್ಲ, ಅಲ್ಲಿ ಅರಳಿದವರನ್ನೂ ನೋಡಿದ್ದೇನೆ. ಆದರೆ ವಯಸ್ಸಾದವರು ಬಾಳನ್ನು ಹಿಂತಿರುಗಿ ನೋಡುವುದು ಅರಳುಮರುಳಲ್ಲ, ಸಹಜ ಕ್ರಿಯೆ ಎಂದು 1963ರಲ್ಲಿ ಪ್ರತಿಪಾದಿಸಿದ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅವರೇ, ಅದು ಎಷ್ಟೋ ಸಲ ಹೊರಗೆ ಸುಳಿವೇ ಇಲ್ಲದೆ ನಡೆಯುತ್ತದೆ ಎಂದಿದ್ದರು. ಕೆಲವರಲ್ಲಿ ಪಶ್ಚಾತ್ತಾಪಕ್ಕೂ ಖಿನ್ನತೆಗೂ ದಾರಿಯಾಗಬಹುದು ಎಂದೂ ಎಚ್ಚರಿಸಿದ್ದರು. ನಾವು ಆ ವಿಚಾರಕ್ಕೆ ಒಂದು ಮೈಕ್ ಜೋಡಿಸಿ, ಮಾತನಾಡದವರನ್ನು ‘ಬೆರೆಯದವರು’ ಎಂದು ಗುರುತು ಹಾಕಿಕೊಳ್ಳುತ್ತೇವೆ.

ವ್ಯವಸ್ಥಾಪಕರ ಬಳಿ ಎರಡು ವಿಷಯ ಕೇಳಿದೆ. ಆ ಒಂದು ಮೇಜನ್ನು ಸಿಬ್ಬಂದಿ ಮುಟ್ಟಬಾರದು, ಧೂಳು ಹಿಡಿದರೂ ಸರಿ. ಎರಡನೆಯದು, ಅವರಿಗೆ ಅವರೇ ಮಾಡಬೇಕಾದ ಕೆಲಸವೊಂದು ಸಿಗಬೇಕು. ಕಾಲಹರಣಕ್ಕಿರುವ ಚಟುವಟಿಕೆಯಲ್ಲ, ಮಾಡದಿದ್ದರೆ ಯಾರಿಗಾದರೂ ತೊಂದರೆಯಾಗುವಂಥ ಕೆಲಸ. ಇಲ್ಲಿ ನನ್ನ ತಲೆಯಲ್ಲಿದ್ದದ್ದು ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಅಧ್ಯಯನ. ಶುಶ್ರೂಷಾಲಯವೊಂದರ ಒಂದು ಮಹಡಿಯವರಿಗೆ ಗಿಡ ಕೊಟ್ಟು ನೀವೇ ನೋಡಿಕೊಳ್ಳಿ, ನಿಮ್ಮ ದಿನ ನಿಮ್ಮ ಇಷ್ಟ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ನೀರು ಹಾಕುವುದು ದಾದಿಯರ ಕೆಲಸ ಎಂದರು. ಮೊದಲನೆಯವರೇ ಹೆಚ್ಚು ಚುರುಕಾಗಿ, ಗೆಲುವಾಗಿ ಕಂಡರು. ಅದು ಚಿಕ್ಕ ಅಧ್ಯಯನ, ಅಲ್ಲಿನವರು ಇವರಷ್ಟು ಸ್ವತಂತ್ರರೂ ಅಲ್ಲ. ಆದರೂ ಎಲ್ಲವನ್ನೂ ಮಾಡಿಕೊಟ್ಟು ‘ಆರಾಮಾಗಿರಿ’ ಎನ್ನುವ ಉಪಚಾರದಲ್ಲಿ ಏನೋ ಕಳೆಯುತ್ತದೆ ಎಂದು ನನಗೆ ಅನ್ನಿಸುವುದು ಅದೊಂದನ್ನೇ ಓದಿಯಲ್ಲ. ಊಟದ ಹಾಲ್‌ಗೆ ಹತ್ತು ನಿಮಿಷ ಮೊದಲೇ ಬಂದು ಖಾಲಿ ತಟ್ಟೆಯ ಮುಂದೆ ಕೂರುವವರನ್ನು ನೋಡಿ.

ಆ ಹಿರಿಯರಿಗೆ ಹೇಳಿದ್ದು ಕಡಿಮೆ. ಮತ್ತೆ ಕಾಣೆಯಾದರೆ ಗಂಟೆ ಬಾರಿಸಿ, ನಾಚಿಕೆ ಬೇಡ ಎಂದೆ. ಬೆಳಿಗ್ಗೆಯವರೆಗೆ ಕಾಯಬಹುದಿತ್ತು ಎಂದು ಅವರೇ ತಿದ್ದಿದರು.

ಈಗ ಅವರು ನೆನಪಿನ ಸಂಜೆಗೆ ಹೋಗುತ್ತಾರೆ. ಕುರ್ಚಿ ಹಾಕಿಸುವುದು, ಮೈಕಿನ ಬ್ಯಾಟರಿ ನೋಡಿಕೊಳ್ಳುವುದು ಅವರ ಕೆಲಸ. ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಯಾರೂ ಅವರ ಕೈಗೆ ಮೈಕ್ ಕೊಡುವುದಿಲ್ಲ. ಮಗನಿಗೆ ಮಾತ್ರ ನಾನು ಕೆಲಸವನ್ನು ಅರ್ಧಕ್ಕೆ ಬಿಟ್ಟೆ ಎಂಬ ಅಸಮಾಧಾನ ಹೋಗಿಲ್ಲ. ಕಳೆದ ತಿಂಗಳು ಫೋನ್ ಮಾಡಿದ್ದರು.

‘ಇನ್ನೂ ಒರೆಸುತ್ತಾರೆ ಮೇಡಂ.’

‘ಒರೆಸಲಿ’ ಎಂದೆ.