‘ಏನನ್ನೋ ಇಟ್ಟರು’ ಅಂದರೆ ಏನಿಟ್ಟರು?

ಪ್ರಿಯ ಲೇಖಕರೇ, ನಮಸ್ಕಾರ.

ಅಮೆರಿಕದ ಬಫಲೋದಿಂದ ನೀವು ಕಳಿಸಿದ ‘ಯುದ್ಧದ ಕರಿನೆರಳಲ್ಲಿ ಇಬ್ಬರು ಗೆಳೆಯರು’ ಓದಿದೆ. ಒಂದಲ್ಲ, ಮೂರು ಸಲ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಇನ್ನೂ ಜಾಸ್ತಿ ಬಂತು. ಮೂರನೇ ಸಲ ರಾತ್ರಿ ಊಟ ಮುಗಿಸಿ ಓದಿದೆ, ನಿದ್ದೆ ಬರಲಿಲ್ಲ. ಅದಕ್ಕೇ ‘ವಿಷಾದದೊಂದಿಗೆ ಮರಳಿಸಲಾಗಿದೆ’ ಎಂಬ ಒಂದು ಸಾಲಿನ ಬದಲು ಇಷ್ಟುದ್ದ ಬರೆಯುತ್ತಿದ್ದೇನೆ. ಪತ್ರಿಕೆಯಲ್ಲೇ ಹಾಕಿ ಅಂತ ನೀವೂ ಒಪ್ಪಿದ್ದೀರಿ. ಧೈರ್ಯವಂತರು.

ಓದುಗರಿಗೆ ವಿಷಯ ಗೊತ್ತಾಗಲಿ. ಬಫಲೋದ ಒಂದು ಕಾಫಿ ಅಂಗಡಿಯಲ್ಲಿ ಪ್ರತಿ ಶನಿವಾರ ಇಬ್ಬರು ಮುದುಕರು ಕೂರುತ್ತಾರೆ. ಒಂದೇ ಬೀದಿಯಲ್ಲಿ ಬೆಳೆದವರು. 1970ರಲ್ಲಿ ಒಬ್ಬರು ವಿಯೆಟ್ನಾಂ ಯುದ್ಧಕ್ಕೆ ಹೋದರು. ಇನ್ನೊಬ್ಬರು ಹೋಗಲ್ಲ ಅಂದು ನಯಾಗರಾ ನದಿಯ ಆಚೆ ದಂಡೆಗೆ, ಕೆನಡಾಕ್ಕೆ ದಾಟಿದರು. ನಮ್ಮ ಲೇಖಕರು ಅವರ ಪಕ್ಕದ ಮೇಜಿನವರು. ಕ್ರಮೇಣ ಅವರ ಮೇಜಿಗೇ ಬಡ್ತಿ ಪಡೆದಿದ್ದಾರೆ. ಹೆಸರುಗಳನ್ನು ನಾನು ಬಿಟ್ಟಿದ್ದೇನೆ. ಇಲ್ಲಿ ಅವರು ‘ಹೋದವರು’ ಮತ್ತು ‘ಹೋಗದವರು’, ಅಷ್ಟೇ.

ಮೊದಲು ಹೊಗಳಿಕೆ. ವಸ್ತು ಚೆನ್ನಾಗಿದೆ. ಕಾಗುಣಿತ ತಪ್ಪಿಲ್ಲ, ಈ ಕಾಲದಲ್ಲಿ ಅದೂ ದೊಡ್ಡದೇ. ಐದನೇ ಪುಟದಲ್ಲಿ ಒಂದು ಸಾಲಿದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ‘ಕರಡು ವಿರೋಧಿ’.

ನಿಮ್ಮ ಎರಡನೇ ಪ್ಯಾರಾ ಹೀಗೆ ಶುರುವಾಗುತ್ತದೆ: ‘ಒಬ್ಬರು ವಿಯೆಟ್ನಾಂ ಅನುಭವಿ, ಮತ್ತೊಬ್ಬರು ಕರಡು ವಿರೋಧಿ.’ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಡ್ರಾಫ್ಟ್ ಅಂದರೆ ಕರಡು ಅಂತ ನಿಘಂಟಿನಲ್ಲಿದೆ, ಒಪ್ಪುತ್ತೇನೆ. ಆದರೆ ಸಂಪಾದಕನ ಮುಂದೆ ‘ಕರಡು ವಿರೋಧಿ’ ಅಂದರೆ ಒಂದೇ ಅರ್ಥ: ಎರಡನೇ ಕರಡು ಬರೆಯಲು ಒಪ್ಪದವರು. ಅಂಥವರು ನನಗೆ ವಾರಕ್ಕೆ ಹತ್ತು ಜನ ಸಿಗುತ್ತಾರೆ. ಯಾರೂ ದೇಶ ಬಿಟ್ಟಿಲ್ಲ. ಇಲ್ಲಿ ಡ್ರಾಫ್ಟ್ ಅಂದರೆ ಸರ್ಕಾರ ಹುಡುಗರನ್ನು ಒತ್ತಾಯದಿಂದ ಸೇನೆಗೆ ಕರೆಯುವುದು. ‘ಕಡ್ಡಾಯ ಭರ್ತಿ’ ಅನ್ನಿ, ಹಳ್ಳಿಯವರಿಗೂ ತಿಳಿಯುತ್ತದೆ. ‘ವೆಟರನ್’ಗೆ ‘ಅನುಭವಿ’ ಯಾಕೆ? ‘ಮಾಜಿ ಸೈನಿಕ’ ಅಂತ ನಮ್ಮಲ್ಲಿ ಎಲ್ಲರೂ ಅನ್ನುತ್ತಾರೆ.

ಇದನ್ನು ತಿದ್ದುವುದು ಒಂದು ನಿಮಿಷದ ಕೆಲಸ. ನನ್ನನ್ನು ಕಾಡಿದ ಪದ ಬೇರೆ: ‘ಓಡಿಹೋದರು’. ಎಣಿಸಿದೆ, ಒಂಬತ್ತು ಸಲ ಇದೆ. ಹೋದವರು ನಿಮ್ಮ ಲೇಖನದಲ್ಲಿ ‘ತೆರಳುತ್ತಾರೆ’, ‘ಹೊರಡುತ್ತಾರೆ’. ಹೋಗದವರು ಮಾತ್ರ ಪ್ರತಿ ಸಲ ‘ಓಡಿಹೋಗುತ್ತಾರೆ’. ಆದರೆ ನಿಮ್ಮದೇ ಮೂರನೇ ಪುಟ ನೋಡಿ. ಚಿಕ್ಕಪ್ಪನ ಕಾರು. ಹಿಂದಿನ ಸೀಟಿನಲ್ಲಿ ಒಂದು ಪೆಟ್ಟಿಗೆ ಪುಸ್ತಕ. ಸೇತುವೆಯ ಆ ತುದಿಯಲ್ಲಿ ಕಾರು ನಿಲ್ಲಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಅರ್ಜಿ ತುಂಬಿ, ಸಹಿ ಹಾಕಿ ಒಳಗೆ ಹೋದ ಹುಡುಗ ಅವನು. ಸೇನೆಯ ಲೆಕ್ಕ ಮುಗಿಸಿದ್ದೀಯಾ ಅಂತ ಕೇಳುವುದನ್ನು ಕೆನಡಾದವರು 1969ರ ಮೇ ತಿಂಗಳಲ್ಲೇ ಬಿಟ್ಟಿದ್ದರು. ಹಾಗಾಗಿ ಸುಳ್ಳು ಹೇಳುವ ಪ್ರಮೇಯವೂ ಇರಲಿಲ್ಲ. ಅರ್ಜಿ ತುಂಬಿ ಹೋಗುವವನನ್ನು ಯಾವ ಊರಲ್ಲಿ ಓಡಿಹೋದ ಅನ್ನುತ್ತಾರೆ? ಆ ಪದ ಬೀದಿಯವರದ್ದು. ಬೀದಿಯವರು ಅಂದರೆ ಬೀದಿಯವರ ಬಾಯಲ್ಲಿ ಇಡಿ. ನಿಮಗೇ ಹಾಗೆ ಅನಿಸಿದರೆ ನಿಮ್ಮ ಹೆಸರಿನಲ್ಲೇ ಹೇಳಿ, ನಾನು ಬೇಡ ಅನ್ನಲ್ಲ. ಎರಡೂ ಅಲ್ಲದೆ ಸುಮ್ನೆ ಕ್ರಿಯಾಪದದೊಳಗೆ ತೀರ್ಪು ಸೇರಿಸಬೇಡಿ.

ಅದೇ ಪುಟದಲ್ಲಿ ‘ಮುಹಮ್ಮದ್ ಅಲಿಯಂತೆ ಇವರೂ ಓಡಿಹೋದರು’ ಅಂದಿದ್ದೀರಿ. ಬಾಕ್ಸರ್ ಅಲಿ ಎಲ್ಲಿಗೂ ಹೋಗಲಿಲ್ಲವಲ್ಲ! 1967ರ ಏಪ್ರಿಲ್ 28ರಂದು ಹೂಸ್ಟನ್‌ನಲ್ಲಿ ಸೇನಾ ಭರ್ತಿಗೆ ಹೆಸರು ಕರೆದಾಗ ಒಂದು ಹೆಜ್ಜೆ ಮುಂದಿಡಬೇಕಿತ್ತು, ಇಡಲಿಲ್ಲ. ನಿಂತಲ್ಲೇ ನಿಂತರು. 5 ವರ್ಷ ಜೈಲು, 10,000 ಡಾಲರ್ ದಂಡ ಅಂತ ಶಿಕ್ಷೆಯಾಯಿತು. ಚಾಂಪಿಯನ್ ಪಟ್ಟ ಹೋಯಿತು. 1971ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ತೆಗೆದುಹಾಕುವವರೆಗೂ ಕಟ್ಲೆ ನಡೆಯಿತು. ಅಲ್ಲೇ ಉಳಿದು ಇಲ್ಲ ಅನ್ನುವುದು ಒಂದು, ದಾಟಿಹೋಗಿ ಇಲ್ಲ ಅನ್ನುವುದು ಇನ್ನೊಂದು. ನಿಮ್ಮ ಗೆಳೆಯರು ಎರಡನೆಯದನ್ನು ಯಾಕೆ ಆರಿಸಿಕೊಂಡರು ಅಂತ ಕೇಳಿದ್ದೀರಾ? ಲೇಖನದಲ್ಲಂತೂ ಇಲ್ಲ.

ಅಂದ ಹಾಗೆ, ಆ ಸೇತುವೆಗೆ ಹೆಸರಿದೆ. ಪೀಸ್ ಬ್ರಿಡ್ಜ್. ನಿಮ್ಮ ಮನೆಯಿಂದ ಕಾಣುತ್ತದೋ ಏನೋ. ಹೆಸರು ಹೇಳಿ ಮುಂದೆ ಹೋಗಿ. ‘ಎಂಥ ವಿಪರ್ಯಾಸ!’ ಅಂತ ಸೇರಿಸಿದರೆ ನಾನೇ ಹೊಡೆದು ಹಾಕುತ್ತೇನೆ.

ಈಗ ಲಾಟರಿ, ಅಂದರೆ ಯಾರನ್ನು ಮೊದಲು ಸೇನೆಗೆ ಕರೆಯಬೇಕು ಅಂತ ಚೀಟಿ ಎತ್ತಿದ್ದು. ‘ವಿಧಿಯ ಲಾಟರಿಯಲ್ಲಿ ಇಬ್ಬರ ಹೆಸರೂ ಬಂತು!’ ಇದು ಒಂದು ವಾಕ್ಯ. ಇದರಲ್ಲಿ ಎರಡು ತಪ್ಪಿದೆ. ಹೆಸರು ಬರಲಿಲ್ಲ, ಹುಟ್ಟಿದ ದಿನ ಬಂತು. 1969ರ ಡಿಸೆಂಬರ್ 1ರ ರಾತ್ರಿ ವಾಷಿಂಗ್ಟನ್‌ನಲ್ಲಿ ಒಂದು ದೊಡ್ಡ ಗಾಜಿನ ಜಾಡಿ ಇಟ್ಟಿದ್ದರು. ಒಳಗೆ 366 ನೀಲಿ ಪ್ಲಾಸ್ಟಿಕ್ ಗುಳಿಗೆ. ಒಂದೊಂದರಲ್ಲಿ ಒಂದೊಂದು ತಾರೀಕಿನ ಚೀಟಿ. 1944ರಿಂದ 1950ರವರೆಗೆ ಹುಟ್ಟಿದ ಹುಡುಗರ ಹಣೆಬರಹ ಆ ಜಾಡಿಯಲ್ಲಿ. ಟೀವಿಯಲ್ಲಿ ನೇರ ಪ್ರಸಾರ. ಮೊದಲ ಗುಳಿಗೆ ತೆಗೆದವರು ಅಲೆಕ್ಸಾಂಡರ್ ಪಿರ್ನಿ ಎಂಬ ಸಂಸದರು. ಬಂದದ್ದು ಸೆಪ್ಟೆಂಬರ್ 14, ಅದಕ್ಕೆ ಸಂಖ್ಯೆ 1. ಸಂಖ್ಯೆ ಸಣ್ಣದಿದ್ದಷ್ಟೂ ಕರೆ ಬೇಗ. ಕಟ್ಟಕಡೆಯ ಸಂಖ್ಯೆ ಜೂನ್ 8ಕ್ಕೆ. ಮುಂದಿನ ವರ್ಷ 195ನೇ ಸಂಖ್ಯೆವರೆಗೂ ಕರೆದರು.

ವಿಧಿ ಅಂದಿರಲ್ಲ, ಅಲ್ಲೇ ಎಡವಿದ್ದು. ಗುಳಿಗೆಗಳನ್ನು ತಿಂಗಳವಾರು ತುಂಬಿದ್ದರು. ಜನವರಿ ಮೊದಲು, ಡಿಸೆಂಬರ್ ಕೊನೆಗೆ. ಆಮೇಲೆ ಸರಿಯಾಗಿ ಕಲಸಲಿಲ್ಲ. ಚಿತ್ರಾನ್ನ ಅರ್ಧಂಬರ್ಧ ಕಲಸಿದರೆ ಮೇಲಿನವನ ತಟ್ಟೆಗೇ ಒಗ್ಗರಣೆಯೆಲ್ಲ ಬೀಳುತ್ತದಲ್ಲ, ಹಾಗೆ. ಆಮೇಲೆ ಲೆಕ್ಕ ಹಾಕಿ ನೋಡಿದವರಿಗೆ ಗೊತ್ತಾಯಿತು: ಜನವರಿಯಲ್ಲಿ ಹುಟ್ಟಿದವರ ಸರಾಸರಿ ಸಂಖ್ಯೆ 201, ಡಿಸೆಂಬರಿನವರದ್ದು 121 ಚಿಲ್ಲರೆ. ಅಂದರೆ ವರ್ಷದ ಕೊನೆಗೆ ಹುಟ್ಟಿದವನಿಗೆ ಕರೆ ಬರುವ ಸಾಧ್ಯತೆ ಜಾಸ್ತಿ. ವಿಧಿಯಲ್ಲ ಸ್ವಾಮಿ, ಯಾರೋ ಕೈ ಆಡಿಸುವುದರಲ್ಲಿ ಸೋಮಾರಿತನ ಮಾಡಿದರು.

ಮತ್ತೆ ನಿಮ್ಮ ನಾಲ್ಕನೇ ಪುಟದಲ್ಲಿ ಏನಿದೆ? ‘ಕಳೆದ ಡಿಸೆಂಬರಿನಲ್ಲಿ ಅವರ ಹುಟ್ಟುಹಬ್ಬಕ್ಕೆ ಕೇಕ್ ಒಯ್ದಿದ್ದೆ.’ ಯಾರ ಹುಟ್ಟುಹಬ್ಬ? ಹೋದವರದ್ದು! ಅದನ್ನು ನೀವೇ ಬರೆದು ನೀವೇ ನೋಡಲಿಲ್ಲ. ಕೇಕಿನ ಮೇಲೆ ಯಾವ ತಾರೀಕಿತ್ತು, ಆ ತಾರೀಕಿಗೆ ಯಾವ ಸಂಖ್ಯೆ ಬಂದಿತ್ತು, ಟೀವಿ ಮುಂದೆ ಯಾರ ಮನೆಯಲ್ಲಿ ಕೂತಿದ್ದರು? ಇಬ್ಬರೂ ಒಂದೇ ಸೋಫಾದಲ್ಲಿ ಇದ್ದರಾ? ಕೇಳಿ. ‘ವಿಧಿ’ ಬರೆಯುವ ಕೈಗೆ ತಾರೀಕು ಬರೆಯುವುದು ಕಷ್ಟವಲ್ಲ.

ಇಷ್ಟು ಹೇಳುತ್ತಿರುವ ನಾನು ಹುಟ್ಟುತ್ತಲೇ ಇದನ್ನು ಕಲಿತು ಬಂದವನಲ್ಲ. 1986ರಲ್ಲಿ ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಸಂಬಳ ಹೇಳಿಕೊಳ್ಳುವಷ್ಟಿರಲಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುತ್ತಿದ್ದ ಒಬ್ಬ ಮಾಜಿ ಸೈನಿಕರ ಬಗ್ಗೆ ಬರೆದುಕೊಂಡು ಬಾ ಅಂದರು. 71ರ ಯುದ್ಧ ನೋಡಿದವರು. ಎರಡು ಗಂಟೆ ಮಾತಾಡಿಸಿ ಬಂದು ಬರೆದೆ. ‘ಭಾರತಮಾತೆಯ ಕರೆಗೆ ಓಗೊಟ್ಟು ರಣರಂಗಕ್ಕೆ ಧುಮುಕಿದ ವೀರಪುತ್ರ!’ ಅಂತ ಶುರು. ಆಗ ಇನ್ನೂ ಮೊಳೆ ಜೋಡಿಸುವ ಕಾಲ. ಕಂಪೋಸಿಂಗ್ ಮಾಡುವವರು ಹಾಳೆ ಹಿಡಿದುಕೊಂಡು ಬಂದರು. “ಸರ್, ಇದಕ್ಕ ಆಶ್ಚರ್ಯ ಚಿಹ್ನೆ ಸಾಲೂದಿಲ್ಲ. ಖಾನೆದಾಗ ಇರೋವು ಹನ್ನೊಂದ. ಇವರು ಇಪ್ಪತ್ತು ಬರದಾರ” ಅಂದರು. ನಿಮ್ಮ ಲೇಖನದಲ್ಲಿ ಮೂವತ್ತೊಂದಿದೆ. ಈಗ ಕಂಪ್ಯೂಟರ್ ಇದೆ, ಖಾನೆ ಖಾಲಿಯಾಗಲ್ಲ ಅನ್ನುವುದೇ ದುರದೃಷ್ಟ.

ನಮ್ಮ ಹಿರಿಯ ಉಪಸಂಪಾದಕರು ಚಿಹ್ನೆ ಲೆಕ್ಕಕ್ಕೆ ತಗೊಳ್ಳಲಿಲ್ಲ. ಮೊದಲ ಸಾಲಿನ ಕೆಳಗೆ ಬೆರಳಿಟ್ಟು, “ಇದು ಅಂವ ಹೇಳಿದ್ದೋ, ನೀ ಹೇಳಿದ್ದೋ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಮತ್ತೆ ಬ್ಯಾಂಕಿಗೆ ಹೋದೆ. ಸೇನೆಗೆ ಯಾಕೆ ಸೇರಿದಿರಿ ಅಂತ ಕೇಳಿದೆ. ಮೊದಲ ದಿನ ಅದನ್ನೇ ಕೇಳಿರಲಿಲ್ಲ, ನೋಡಿ. ಅವರು ಹೇಳಿದ್ದು ಇಷ್ಟು: “ಮಳಿ ಇರಲಿಲ್ಲ. ಮನ್ಯಾಗ ಜ್ವಾಳ ಇರಲಿಲ್ರೀ. ಬೆಳಗಾವ್ಯಾಗ ಭರ್ತಿ ನಡದೈತಿ, ಹೊಟ್ಟಿ ತುಂಬ ಊಟ ಹಾಕ್ತಾರ ಅಂದ್ರು. ಹ್ವಾದೆ. ದೇಶದ ವಿಚಾರ ಆಮ್ಯಾಲೆ ಬಂತ್ರೀ.” ನಮ್ಮ ದೇಶದಲ್ಲಿ ಕಡ್ಡಾಯ ಭರ್ತಿ ಇಲ್ಲ ಅಂತ ಅವತ್ತಿನವರೆಗೆ ನಾನು ತಿಳಿದಿದ್ದೆ.

ಆ ಐದು ಮಾತು ಹಾಗೇ ಅಚ್ಚಾಯಿತು. ನನ್ನ ಎರಡು ಪುಟ ಕಸದ ಬುಟ್ಟಿಗೆ ಹೋಯಿತು. ಒಂದು ವಾರ ಆ ಹಿರಿಯರ ಜೊತೆ ಚಹಾ ಕುಡಿಯಲು ಹೋಗಲಿಲ್ಲ, ಅಷ್ಟು ಸಿಟ್ಟು.

ನಿಮ್ಮಲ್ಲಿ ಹೋದವರು ಏನನ್ನುತ್ತಾರೆ? ‘ಯುದ್ಧವೆಂಬುದು ಮನುಕುಲಕ್ಕಂಟಿದ ಕಳಂಕ.’ ಹೋಗದವರು? ‘ಶಾಂತಿಯೇ ಮಾನವತೆಯ ಪರಮಧ್ಯೇಯ.’ ಇಬ್ಬರೂ ಉಕ್ಕಿನ ಕಾರ್ಖಾನೆ ಕೆಲಸಗಾರರ ಮಕ್ಕಳು ಅಂತ ನೀವೇ ಬರೆದಿದ್ದೀರಿ. ಕಾಫಿ ಕುಡಿಯುತ್ತ ಹೀಗೆ ಮಾತಾಡಿದರಾ? ಅವರನ್ನು ಹುಬ್ಬಳ್ಳಿಯವರಂತೆ ಮಾತಾಡಿಸಿ ಅಂತ ನಾನು ಹೇಳುತ್ತಿಲ್ಲ. ಅವರು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ನೀವೂ ನಿಲ್ಲಿಸಿ. ಹೋದವರ ಕಾರಿನಲ್ಲಿ ಸದಾ ಎರಡು ಜೊತೆ ಒಣ ಕಾಲ್ಚೀಲ ಇರುತ್ತದೆ ಅಂತ ಒಂದು ಕಡೆ ಸುಳಿವು ಕೊಟ್ಟಿದ್ದೀರಿ, ‘ವಿಚಿತ್ರ ಅಭ್ಯಾಸ’ ಅಂತ ಷರಾ ಬರೆದು ಮುಗಿಸಿದ್ದೀರಿ. ವಿಚಿತ್ರವೇನಿಲ್ಲ. ವಿಯೆಟ್ನಾಂನಲ್ಲಿ ಗದ್ದೆಯ ನೀರಿನಲ್ಲಿ ದಿನಗಟ್ಟಲೆ ನಡೆದು ಕಾಲಿನ ಚರ್ಮ ಬೆಳ್ಳಗೆ ಸುಕ್ಕಾಗಿ ಕಿತ್ತು ಬರುತ್ತಿತ್ತು. ಒಣ ಕಾಲ್ಚೀಲ ಅಂದರೆ ಔಷಧಿ ಇದ್ದ ಹಾಗೆ. ಐವತ್ತು ವರ್ಷ ಆದ ಮೇಲೂ ಬಫಲೋದ ಹಿಮದಲ್ಲಿ ಆ ಮನುಷ್ಯ ಕಾಲ್ಚೀಲ ಇಟ್ಟುಕೊಂಡು ಓಡಾಡುತ್ತಾರೆ. ‘ಕಳಂಕ’ ಬೇಡ, ಕಾಲ್ಚೀಲ ಸಾಕು.

ಕ್ಷಮಾದಾನದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಕಾರ್ಟರ್ ಎಲ್ಲರನ್ನೂ ಕ್ಷಮಿಸಿದರು’ ಅಂದಿದ್ದೀರಿ. 1977ರ ಜನವರಿ 21ರಂದು ಅಧ್ಯಕ್ಷ ಕಾರ್ಟರ್ ಅವರ ಕ್ಷಮೆ ಸಿಕ್ಕಿದ್ದು ಭರ್ತಿ ತಪ್ಪಿಸಿಕೊಂಡವರಿಗೆ. ಸೇನೆಗೆ ಸೇರಿ ಆಮೇಲೆ ಬಿಟ್ಟು ಬಂದವರಿಗೆ ಅಲ್ಲ. ಅದಕ್ಕೂ ಮುಂಚೆ, 1974ರಲ್ಲೇ, ಹಿಂದಿನ ಅಧ್ಯಕ್ಷ ಫೋರ್ಡ್ ಒಂದು ದಾರಿ ತೆರೆದಿದ್ದರು: ಬನ್ನಿ, ನಿಷ್ಠೆಯ ಪ್ರಮಾಣ ಮಾಡಿ, ಎರಡು ವರ್ಷದವರೆಗೆ ಸಾರ್ವಜನಿಕ ಸೇವೆ ಮಾಡಿ, ಕೇಸು ಬಿಡುತ್ತೇವೆ. ನಿಮ್ಮ ಗೆಳೆಯರು ಆಗ ಬರಲಿಲ್ಲ, 1977ರವರೆಗೆ ಕಾದರು. ಅವರ ತಂದೆ ತೀರಿಕೊಂಡದ್ದು 1973ರಲ್ಲಿ, ಮಣ್ಣಿಗೂ ಬರಲಾಗಲಿಲ್ಲ, ನದಿಯಾಚೆ ಕೆನಡಾದ ಫೋರ್ಟ್ ಈರಿಯ ದಂಡೆಯಲ್ಲಿ ನಿಂತು ಈಚೆ ನೋಡಿದರು ಅಂತ ಬರೆದಿದ್ದೀರಿ. ಅಷ್ಟು ಹತ್ತಿರದಿಂದ ಊರು ನೋಡಿಕೊಂಡು ಕೂತ ಮನುಷ್ಯ, ಬಾಗಿಲು ಅರ್ಧ ತೆರೆದಾಗ ಯಾಕೆ ಬರಲಿಲ್ಲ? ನನಗೊಂದು ಊಹೆ ಇದೆ, ಹೇಳಲ್ಲ. ಹೇಳಿದರೆ ನೀವು ಅದನ್ನೇ ಅವರ ಬಾಯಿಗೆ ಹಾಕುತ್ತೀರಿ.

ಕೊನೆಗೆ ವಾಷಿಂಗ್ಟನ್. ಮೂವರೂ ಕಾರು ಮಾಡಿಕೊಂಡು ವಿಯೆಟ್ನಾಂ ಸ್ಮಾರಕಕ್ಕೆ ಹೋದ ಭಾಗ. ‘ಕರಿಕಲ್ಲಿನ ಗೋಡೆ ಮೌನವಾಗಿ ರೋದಿಸುತ್ತಿತ್ತು’ ಅಂತ ಬರೆದಿದ್ದೀರಿ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇಲ್ಲಿ. ಆ ಕಲ್ಲು ಎಲ್ಲಿಯದು ಗೊತ್ತಾ? ನಮ್ಮದು. ಬೆಂಗಳೂರಿನ ಕಡೆಯಿಂದ ಹೋದದ್ದು. ವರ್ಮಾಂಟ್‌ನ ಬ್ಯಾರಿಯಲ್ಲಿ ಕತ್ತರಿಸಿ ಹೊಳಪು ಕೊಟ್ಟರು. ಮೆಂಫಿಸ್‌ನಲ್ಲಿ, ಆ ಯುದ್ಧದಲ್ಲಿ ಸತ್ತ, ಕಾಣೆಯಾದ ಅಮೆರಿಕನ್ ಸೈನಿಕರ ಹೆಸರು ಕೊರೆದರು. 1982ರಲ್ಲಿ ಗೋಡೆ ನಿಂತಿತು. ಕರಿಕಲ್ಲು ಕೆನಡಾದಲ್ಲೂ ಸ್ವೀಡನ್‌ನಲ್ಲೂ ಸಿಗುತ್ತದೆ. ಯುದ್ಧಕ್ಕೆ ಬರಲ್ಲ ಅಂದವರಿಗೆ ಆಶ್ರಯ ಕೊಟ್ಟ ದೇಶಗಳ ಕಲ್ಲು ಬೇಡ ಅಂತ ಆ ಎರಡನ್ನೂ ಬಿಟ್ಟರು ಎಂದು ಹೇಳುತ್ತಾರೆ. ಅಂದರೆ ಕಾರಿನಲ್ಲಿ ನಿಮ್ಮ ಪಕ್ಕ ಕೂತಿದ್ದ ಹೋಗದವರಂಥವರಿಂದಾಗಿ, ನಿಮ್ಮ ರಾಜ್ಯದ ಕಲ್ಲಿನ ಮೇಲೆ, ಹೋದವರ ಗೆಳೆಯರ ಹೆಸರು. ಮೂವರೂ ಆ ಗೋಡೆಯಲ್ಲಿ ಇದ್ದೀರಿ. ಕನ್ನಡದವರು ನೀವು ಅದರ ಮುಂದೆ ನಿಂತು ‘ರೋದಿಸುತ್ತಿತ್ತು’ ಅಂದಿರಿ!

(ಇದೊಂದು ಆಶ್ಚರ್ಯ ಚಿಹ್ನೆ ನನ್ನದು, ಇರಲಿ.)

ಐದನೇ ಪುಟದ ಸಾಲು ಅಂದೆನಲ್ಲ, ಅದು ಇದೇ ಭಾಗದಲ್ಲಿದೆ: ‘ವಾಪಸ್ ಬಂದಾಗ ಅವರು ಕಾರಿನಲ್ಲೇ ಕೂತಿದ್ದರು, ಮೂವರ ಸ್ಯಾಂಡ್‌ವಿಚ್ ಪೊಟ್ಟಣವೂ ತೊಡೆಯ ಮೇಲಿತ್ತು, ಒಂದನ್ನೂ ಬಿಚ್ಚಿರಲಿಲ್ಲ.’ ಹೋಗದವರು ಕಾರಿನಿಂದ ಇಳಿಯಲೇ ಇಲ್ಲ. ಈ ಸಾಲಿನಲ್ಲಿ ವಿಶೇಷಣವಿಲ್ಲ, ಕಣ್ಣೀರಿಲ್ಲ, ವಿಧಿಯೂ ಇಲ್ಲ. ನಿದ್ದೆಗೆಡಿಸಿದ್ದು ಇದೇ. ಇದನ್ನು ಬರೆದವರೇ ಉಳಿದದ್ದನ್ನೂ ಬರೆದರು ಅಂದರೆ ನಂಬಲು ಕಷ್ಟ.

ಅದಕ್ಕೆ ಮೂರು ಸಾಲು ಮುಂಚೆ ಹೋದವರು ಗೋಡೆಯ ಹತ್ತಿರ ಹೋಗುತ್ತಾರೆ. ಅಲ್ಲಿ ಹೆಸರುಗಳು ಅಕ್ಷರಮಾಲೆಯಂತೆ ಇಲ್ಲ, ಬಿದ್ದ ದಿನದ ಕ್ರಮದಲ್ಲಿವೆ. ದಿನ ನೆನಪಿದ್ದವರಿಗೆ ಹೆಸರು ತಾನೇ ಸಿಗುತ್ತದೆ. ಅವರು ನೇರ ಹೋಗಿ ನಿಂತರು ಅಂತ ಬರೆದಿದ್ದೀರಿ, ಸರಿ. ಆಮೇಲೆ: ‘ಬಗ್ಗಿ ಏನನ್ನೋ ಇಟ್ಟರು. ಭಾವುಕ ಕ್ಷಣ!’

ಏನನ್ನೋ ಅಂದರೆ ಏನು? ನೀವು ಪಕ್ಕದಲ್ಲೇ ಇದ್ದಿರಲ್ಲ. ಕಾಲ್ಚೀಲವಾ? ನನಗೆ ಹಾಗೇ ಅನಿಸುತ್ತದೆ, ಆದರೆ ನನ್ನ ಅನಿಸಿಕೆ ಅಚ್ಚಿಗೆ ಬರುವುದಿಲ್ಲ. ಈ ಶನಿವಾರ ಕಾಫಿ ಆದ ಮೇಲೆ ಕೇಳಿ. ಹೇಳಲಿಲ್ಲ ಅಂದರೆ ‘ಹೇಳಲಿಲ್ಲ’ ಅಂತ ಬರೆಯಿರಿ. ಎರಡನೇ ಕರಡನ್ನು ಮುಂದಿನ ತಿಂಗಳು 10ರ ಒಳಗೆ ಕಳಿಸಿ.

ಇಂತು,
ಸಂಪಾದಕ