ಈ ಅಕ್ಷರಗಳಿರುವ ಇಂಗ್ಲಿಷ್ ಪದ ಯಾವುದು?

ಪ್ರಶ್ನೆ: ‘ಎ, ಆರ್, ಟಿ ಅಕ್ಷರಗಳಿರುವ ಇಂಗ್ಲಿಷ್ ಪದಗಳನ್ನು ಬರೆಯಿರಿ’ ಎಂಬಂಥ ಅಭ್ಯಾಸಗಳನ್ನು ನನ್ನ ಮಗಳಿಗೆ ಶಾಲೆಯಲ್ಲಿ ಕೊಡುತ್ತಾರೆ. ನಿಘಂಟಿನಲ್ಲಿ ಮೊದಲ ಅಕ್ಷರ ಹಿಡಿದು ಮಾತ್ರ ಹುಡುಕಬಹುದು. ನಡುವಿನ ಅಕ್ಷರಗಳನ್ನು ಹಿಡಿದು ಹುಡುಕುವ ಕ್ರಮ ಇದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಇದೆ. ಆದರೆ ಹುಡುಕಲು ಹೊರಡುವ ಮೊದಲು ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು, ಏಕೆಂದರೆ ನೀವು ಬರೆದಿರುವ ಆ ಒಂದೇ ವಾಕ್ಯಕ್ಕೆ ಕನಿಷ್ಠ ನಾಲ್ಕು ಅರ್ಥಗಳನ್ನು ಹೇಳಬಹುದು. ಮೂರು ಅಕ್ಷರಗಳೂ ಅದೇ ಕ್ರಮದಲ್ಲಿ ಒತ್ತಾಗಿ ಬರಬೇಕೆಂದರೆ ಪಾರ್ಟಿ, ಸ್ಟಾರ್ಟ್, ಹಾರ್ಟ್ ಮುಂತಾದವು ಸಿಗುತ್ತವೆ. ಕ್ರಮ ತಪ್ಪಬಾರದು, ಆದರೆ ನಡುವೆ ಬೇರೆ ಅಕ್ಷರ ಬಂದರೆ ಅಡ್ಡಿಯಿಲ್ಲ ಎಂದಾದರೆ ಅಲರ್ಟ್, ಕ್ಯಾರಟ್ ಕೂಡ ಸೇರುತ್ತವೆ. ಕ್ರಮವೂ ಬೇಡ, ಎಲ್ಲಿದ್ದರೂ ಸರಿ ಎಂದರೆ ವಾಟರ್, ಟ್ರೇನ್ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಈ ಮೂರನ್ನು ಮಾತ್ರ ಬಳಸಬೇಕು, ಮೂರನ್ನೂ ಬಳಸಬೇಕು ಎಂದರೆ ಆರ್ಟ್, ರ್‍ಯಾಟ್, ಟಾರ್ ಎಂಬಲ್ಲಿಗೆ ಪಟ್ಟಿ ಹೆಚ್ಚುಕಡಿಮೆ ಮುಗಿಯುತ್ತದೆ. ಇವುಗಳಲ್ಲಿ ಯಾವುದು ಬೇಕೆಂದು ಹೇಳದೆ ಮನೆಗೆಲಸ ಕೊಡುವುದು ಮಕ್ಕಳಿಗೆ ಅನ್ಯಾಯವೆಂದೇ ನನ್ನ ಭಾವನೆ.

ಕೊಟ್ಟ ಅಕ್ಷರಗಳನ್ನಷ್ಟೇ ಬಳಸಬೇಕಾದ ಕೊನೆಯ ಬಗೆಗೆ ಒಂದು ಸೊಗಸಾದ ಉಪಾಯವಿದೆ. ಪದದ ಅಕ್ಷರಗಳನ್ನು ಬಿಡಿಸಿ ಅಕಾರಾದಿಯಾಗಿ ಜೋಡಿಸಿ ಬರೆದುಕೊಳ್ಳುವುದು. ಸೈಲೆಂಟ್ ಪದವನ್ನು ಹೀಗೆ ಜೋಡಿಸಿದರೆ ಇ, ಐ, ಎಲ್, ಎನ್, ಎಸ್, ಟಿ ಎಂದಾಗುತ್ತದೆ. ಲಿಸನ್, ಎನ್‌ಲಿಸ್ಟ್, ಟಿನ್ಸೆಲ್, ಇನ್‌ಲೆಟ್ಸ್ ಪದಗಳನ್ನು ಜೋಡಿಸಿದರೂ ಇದೇ ಸಾಲು ಬರುತ್ತದೆ. ಒಂದೇ ಸಾಲು ಕೊಡುವ ಪದಗಳೆಲ್ಲ ಒಂದೇ ಗುಂಪಿನವು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಪಂದ್ಯಗಳಲ್ಲಿ ಆಡುವವರು ಇಂಥ ಸಾಲುಗಳನ್ನೇ ಬಾಯಿಪಾಠ ಮಾಡುವುದುಂಟು. ಲಿಸನ್ ಎನ್ನುವಾಗ ಟಿ ಕೇಳಿಸುವುದೇ ಇಲ್ಲ ಎಂಬುದನ್ನು ಮಗಳಿಗೆ ತೋರಿಸಿಕೊಡಿ. ನುಡಿದಂತೆ ಬರೆದು ರೂಢಿಯಾದ ನಾವು ಈ ಕೆಲಸದಲ್ಲಿ ಕಿವಿಯನ್ನು ನಂಬಿದರೆ ಅರ್ಧ ಪದಗಳು ಕೈತಪ್ಪುತ್ತವೆ.

ಕಲಸಿ ಕೊಟ್ಟ ಅಕ್ಷರಗಳಿಂದ ಪದ ಕಟ್ಟಬೇಕಾದಾಗ ಅವನ್ನು ಸಾಲಾಗಿ ಬರೆಯದೆ ವೃತ್ತಾಕಾರವಾಗಿ ಬರೆಯುವುದು ಇಂಗ್ಲಿಷ್ ಪದಬಂಧ ಬಿಡಿಸುವವರ ಹಳೆಯ ಅಭ್ಯಾಸ. ಸಾಲಿನಲ್ಲಿದ್ದಾಗ ಕಣ್ಣು ಅದೇ ಕ್ರಮಕ್ಕೆ ಅಂಟಿಕೊಳ್ಳುತ್ತದೆ. ವೃತ್ತದಲ್ಲಿ ಮೊದಲು, ಕೊನೆ ಎಂಬುದಿರುವುದಿಲ್ಲ.

ಪ್ರಶ್ನೆ: ಸ್ಕ್ರ್ಯಾಬಲ್ ಆಡುವಾಗ ಕ್ಯೂ ಅಕ್ಷರ ಬಂದು ಯು ಬಾರದಿದ್ದರೆ ಏನು ಮಾಡಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಇಂಗ್ಲಿಷ್ ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ ಇ ಅಕ್ಷರದವು 12, ಕ್ಯೂ ಒಂದೇ ಒಂದು, ಆದ್ದರಿಂದಲೇ ಇ ಅಕ್ಷರಕ್ಕೆ 1 ಅಂಕ, ಕ್ಯೂಗೆ 10. ಈ ಆಟವನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್, ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆ ಎಂದು ಎಣಿಸಿ ಈ ಹಂಚಿಕೆ ಮಾಡಿದರು. ಯು ಇಲ್ಲದೆಯೂ ಕ್ಯೂ ಬರುವ ಪದಗಳಲ್ಲಿ ಹಲವು ನಮಗೆ ಅಪರಿಚಿತವಲ್ಲ: ಫಕೀರ, ತಲಾಖ್, ನಿಖಾಬ್ ಇವನ್ನು ಇಂಗ್ಲಿಷಿನಲ್ಲಿ ಕ್ಯೂ ಬಳಸಿ ಬರೆಯುವ ರೂಪಗಳು ಆಟಕ್ಕೆ ಸಲ್ಲುತ್ತವೆ. ಬುರ್ಖಾ ಕೂಡ ಸಲ್ಲುತ್ತದೆ, ಆದರೆ ಅದರೊಳಗೇ ಒಂದು ಯು ಇರುವುದರಿಂದ ನಿಮ್ಮ ಕಷ್ಟಕ್ಕೆ ಒದಗದು. ಎಲ್ಲಕ್ಕಿಂತ ಉಪಯುಕ್ತವಾದದ್ದು ಕ್ಯೂ ಮತ್ತು ಐ ಎರಡೇ ಅಕ್ಷರಗಳ ‘ಚೀ’, ಅಂದರೆ ಚೀನೀಯರು ಹೇಳುವ ಪ್ರಾಣಶಕ್ತಿ. ಇರಾಕ್, ಕತಾರ್ ದೇಶಗಳ ಹೆಸರುಗಳಾದ್ದರಿಂದ ಸಲ್ಲುವುದಿಲ್ಲ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಇಂಥ ಪದಗಳನ್ನು ಹುಡುಕುವುದು ಹೇಗೆ? ಬೇರೆಬೇರೆ ಕಡೆ ಹುಡುಕಿದಾಗ ಬೇರೆಬೇರೆ ಉತ್ತರ ಬರುವುದೇಕೆ?
– ಓದುಗರೊಬ್ಬರು, ಉಡುಪಿ

ಉತ್ತರ: ಅಕ್ಷರಗಳ ಜಾಗ ಗೊತ್ತಿದ್ದರೆ ಪ್ರಶ್ನಾರ್ಥಕ ಚಿಹ್ನೆ ಸಾಕು. ಪದ ಹುಡುಕುವ ಅನೇಕ ಸಾಧನಗಳಲ್ಲಿ ಅದು ‘ಇಲ್ಲಿ ಯಾವುದಾದರೂ ಒಂದು ಅಕ್ಷರ’ ಎಂದೂ, ನಕ್ಷತ್ರ ಚಿಹ್ನೆಯು ‘ಎಷ್ಟಾದರೂ ಅಕ್ಷರಗಳು’ ಎಂದೂ ಸೂಚಿಸುತ್ತವೆ. ಐದಕ್ಷರದ ಪದ, ಎರಡನೆಯದು ಎಲ್, ಕೊನೆಯದು ಟಿ ಎಂದು ಕೊಟ್ಟರೆ ಪ್ಲ್ಯಾಂಟ್, ಫ್ಲೋಟ್, ಬ್ಲಂಟ್, ಎಲೆಕ್ಟ್ ಎಲ್ಲ ಬರುತ್ತವೆ.

ಜಾಗ ಗೊತ್ತಿಲ್ಲದೆ ಅಕ್ಷರಗಳು ಮಾತ್ರ ಗೊತ್ತಿದ್ದರೆ ಸಾಲಿಗೊಂದು ಪದವಿರುವ ಪಟ್ಟಿಯನ್ನು ತೆಗೆದುಕೊಂಡು ಒಂದಾದ ಮೇಲೊಂದು ಜರಡಿ ಹಿಡಿಯುತ್ತ ಹೋಗಬೇಕು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಒದಗುವುದು, ಯೂನಿಕ್ಸ್ ಎಂಬ ಹಳೆಯ ವ್ಯವಸ್ಥೆಗಾಗಿ 1970ರ ದಶಕದಲ್ಲಿ ಕೆನ್ ಥಾಂಪ್ಸನ್ ಬರೆದ ‘ಗ್ರೆಪ್’ ಎಂಬ ಪುಟ್ಟ ಪ್ರೋಗ್ರಾಂ. ಅಪರೂಪದ ಅಕ್ಷರದಿಂದ ಆರಂಭಿಸಿದರೆ ಪಟ್ಟಿ ಬೇಗ ಇಳಿಯುತ್ತದೆ. ಕಣ್ಣಿನಲ್ಲೇ ಹುಡುಕುವವರಿಗಂತೂ ಇದು ಬಹಳ ಸಹಾಯ. ಜೆ ಮತ್ತು ಕ್ಯೂ ಎರಡೂ ಇರಬೇಕೆಂದರೆ ಜಾಂಕ್ವಿಲ್ ಎಂಬ ಹೂವಿನ ಹೆಸರಿನಂಥ ಬೆರಳೆಣಿಕೆಯ ಪದಗಳಷ್ಟೇ ಉಳಿಯುತ್ತವೆ. ಒಂದು ಎಚ್ಚರಿಕೆ ಅಗತ್ಯ: ‘ಇ ಇರಬೇಕು’ ಎಂಬ ಷರತ್ತು ಎಷ್ಟು ಇ ಎಂದು ನೋಡುವುದಿಲ್ಲ. ಕೈಯಲ್ಲಿ ಒಂದೇ ಇ ಇದ್ದಾಗ ಎರಡು ಇ ಬೇಡುವ ಸ್ಲೀಟ್‌ನಂಥ ಪದವೂ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು.

ಉತ್ತರ ಬದಲಾಗುವುದು ಮುಖ್ಯವಾಗಿ ಹಿಂದಿರುವ ಪದಪಟ್ಟಿಯಿಂದ. ಐದೂ ಸ್ವರಾಕ್ಷರಗಳಿರುವ ಪದಗಳನ್ನು ಕೇಳಿ ನೋಡಿ. ಎಜುಕೇಶನ್, ಇಕ್ವೇಶನ್, ಕಾಲಿಫ್ಲವರ್, ಏಳೇ ಅಕ್ಷರಗಳ ಸಿಕ್ವೋಯ, ಐದೂ ಕ್ರಮವಾಗಿಯೇ ಬರುವ ಫಸೀಶಸ್, ಇವು ಯಾವ ದೊಡ್ಡ ಪಟ್ಟಿಯಲ್ಲಾದರೂ ಸಿಗುತ್ತವೆ. ಆದರೆ ಬಿಹೇವಿಯರ್ ಬ್ರಿಟಿಷ್ ಸ್ಪೆಲ್ಲಿಂಗ್‌ನಲ್ಲಿ ಮಾತ್ರ ಈ ಸಾಲಿಗೆ ಸೇರುತ್ತದೆ; ಅಮೆರಿಕದವರು ಅದರ ಯು ಅಕ್ಷರವನ್ನು ಕೈಬಿಡುತ್ತಾರೆ. ನಮ್ಮ ಶಾಲೆಗಳಲ್ಲಿ ಕಲಿಸುವುದು ಹೆಚ್ಚಾಗಿ ಬ್ರಿಟಿಷ್ ರೂಪವಾದ್ದರಿಂದ, ಪಟ್ಟಿ ಆರಿಸುವ ಸೌಲಭ್ಯವಿದ್ದಲ್ಲಿ ಅದನ್ನೇ ಆರಿಸಿಕೊಳ್ಳಿ.