ಇನ್‌ಫರ್ಮೇಷನ್ ಸಯನ್ಸ್ ಸೀಟು: ತೋಟ ಅಡವಿಡುವ ಮುನ್ನ ಕಂತಿನ ಲೆಕ್ಕ

ಪ್ಲಸ್ ಟು ಫಲಿತಾಂಶ ಬಂದ ವಾರದಿಂದ ತೊಡಗಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆಯನ್ನು ಕೇಳುತ್ತವೆ: ಸಾಲ ಮಾಡಿಯಾದರೂ ಮಕ್ಕಳನ್ನು ಇನ್‌ಫರ್ಮೇಷನ್ ಸಯನ್ಸಿನಂಥ ಕೋರ್ಸಿಗೆ ಸೇರಿಸಬಹುದೇ? ಕಳೆದ ವರ್ಷವೂ ಅದನ್ನೇ ಕೇಳಿದ್ದರು. ಕೋರ್ಸಿನ ಹೆಸರುಗಳ ಅರ್ಥವನ್ನು ಇಲ್ಲಿ ವಿವರಿಸುವುದಿಲ್ಲ. ಅದು ಕಾಲೇಜುಗಳ ಪ್ರಾಸ್ಪೆಕ್ಟಸ್‌ನಲ್ಲಿಯೇ ಸಿಗುತ್ತದೆ.

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟು ಮುಗಿಸಿದ್ದಾಳೆ. ಮಂಗಳೂರು ಕಡೆಯ ಖಾಸಗಿ ಕಾಲೇಜೊಂದರಲ್ಲಿ ಇನ್‌ಫರ್ಮೇಷನ್ ಸಯನ್ಸ್ ಇಂಜಿನಿಯರಿಂಗಿಗೆ ಮ್ಯಾನೇಜ್‌ಮೆಂಟ್ ಸೀಟು ಸಿಗುತ್ತದೆ. ಹಾಸ್ಟೆಲ್ ಸೇರಿ ನಾಲ್ಕು ವರ್ಷಕ್ಕೆ 14 ಲಕ್ಷ ರೂಪಾಯಿ. ಕೈಯಲ್ಲಿ 4 ಲಕ್ಷ ಇದೆ; ಉಳಿದುದಕ್ಕೆ ತೋಟ ಅಡವಿಟ್ಟು ಸಾಲ ಮಾಡಬೇಕು. ಮನೆಯಿಂದ ಹೋಗಿಬರುವ ದೂರದಲ್ಲಿ ಬಿಸಿಎ ಇದೆ, ಆದರೆ ಅದಕ್ಕೆ ಬೆಲೆಯಿಲ್ಲ ಎನ್ನುತ್ತಾರೆ. ಏನು ಮಾಡಲಿ?
— ಬದಿಯಡ್ಕ ಸಮೀಪದ ಅಡಿಕೆ ಕೃಷಿಕರು

ಉತ್ತರ: ಹತ್ತು ಲಕ್ಷ ಸಾಲ ಎಂದು ಬರೆದಿದ್ದೀರಿ. ಅದು ಹತ್ತು ಲಕ್ಷವಾಗಿ ಉಳಿಯುವುದಿಲ್ಲ. ಬ್ಯಾಂಕು ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ಸಲ ಬಿಡುಗಡೆ ಮಾಡುತ್ತದೆ, ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳಿ. ಓದಿನ ಅವಧಿ ಮತ್ತು ಅದರ ಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲವಾದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಸರಳ ಬಡ್ಡಿಯ ಲೆಕ್ಕದಲ್ಲಿಯೇ ಅದು ಮೂರೂವರೆ ಲಕ್ಷವಾಗುತ್ತದೆ. ಅಂದರೆ ಮೊದಲ ಕಂತಿನ ದಿನ ನಿಮ್ಮ ಮಗಳ ತಲೆಯ ಮೇಲೆ 13.5 ಲಕ್ಷ ಸಾಲವಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 17,800 ರೂಪಾಯಿಯ ಆಸುಪಾಸು, ಹದಿನೈದು ವರ್ಷಕ್ಕೆ ಎಳೆದರೆ 14,500.

ಈಗ ಸಂಬಳ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವೇತನ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷದ ನಡುವೆಯೇ ನಿಂತಿದೆ. ಮೂರೂವರೆ ಲಕ್ಷವೆಂದರೆ ಕೈಗೆ ಬರುವುದು ತಿಂಗಳಿಗೆ 25,000 ರೂಪಾಯಿ ಆದೀತು. ಕಂತು ಕಳೆದು ಉಳಿಯುವ ಏಳು ಸಾವಿರ ಚಿಲ್ಲರೆಯಲ್ಲಿ ಬೆಂಗಳೂರಿನ ಪಿಜಿ ಬಾಡಿಗೆಯನ್ನು ಕಟ್ಟುವುದೇ ಕಷ್ಟ, ಊಟದ ಮಾತು ಆಮೇಲೆ. ಪ್ಲೇಸ್‌ಮೆಂಟ್ ಪೋಸ್ಟರಿನಲ್ಲಿ ಫೋಟೋ ಹಾಕಿಸಿಕೊಂಡ ಹುಡುಗನ ಪ್ಯಾಕೇಜನ್ನು ಹಿಡಿದು ಲೆಕ್ಕ ಹಾಕಬೇಡಿ. ಕಾಲೇಜಿನವರಲ್ಲಿ ಕೇಳಬೇಕಾದದ್ದು, ಕಳೆದ ಬ್ಯಾಚಿನ ಮಕ್ಕಳನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನಿಗೆ ಎಷ್ಟು ಸಿಕ್ಕಿತು ಎಂಬುದನ್ನು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯೆಂದು ಆಸೆ ಹುಟ್ಟಿಸುವವರೂ ಇದ್ದಾರೆ. ಆ ಸಂಬಳಕ್ಕೆ ತೆರಿಗೆಯೇ ಬೀಳದಿರುವಾಗ ಉಳಿಯುವುದಾದರೂ ಏನು?

ಬಿಸಿಎಗೆ ಬೆಲೆಯಿಲ್ಲ ಎಂದವರು ಯಾರೆಂದು ನೀವು ಬರೆದಿಲ್ಲ. ಸೀಟು ಕೊಡಿಸಿದ್ದಕ್ಕೆ ಕಮಿಷನ್ ಪಡೆಯುವ ಏಜೆಂಟರಾದರೆ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವುದು ಒಳ್ಳೆಯದು. ಬಿಸಿಎ ಮಾತ್ರ ಓದಿದವರ ಆರಂಭದ ಸಂಬಳ ಇಂಜಿನಿಯರುಗಳದಕ್ಕಿಂತ ಕಡಿಮೆ ಎಂಬುದು ನಿಜ. ಆದರೆ ಬಿಸಿಎ ಮುಗಿಸಿ ಓದುವ ಎಂಸಿಎ ಈಗ ಎರಡೇ ವರ್ಷದ ಕೋರ್ಸು. ನಿಮ್ಮ ಕೈಯಲ್ಲಿರುವ ನಾಲ್ಕು ಲಕ್ಷವನ್ನು ಅದಕ್ಕೆಂದು ತೆಗೆದಿಟ್ಟರೆ, ಇಂಜಿನಿಯರಿಂಗಿಗಿಂತ ಒಂದು ವರ್ಷ ತಡವಾಗಿಯಾದರೂ ಆಕೆ ಸಾಲವಿಲ್ಲದೆ, ಇದ್ದರೂ ಅಲ್ಪ ಸಾಲದಲ್ಲಿ ಕೆಲಸಕ್ಕೆ ಸೇರುತ್ತಾಳೆ.

ಈ ವಿದ್ಯೆಯ ಬೆಲೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಡಿಕೆ ಖರೀದಿ ಕೇಂದ್ರವೊಂದಕ್ಕೆ ನಮ್ಮ ತಂಡ ಸಾಫ್ಟ್‌ವೇರ್ ಮಾಡಿಕೊಟ್ಟಿತ್ತು. ಬರೆದವರು ಒಳ್ಳೆಯ ಇಂಜಿನಿಯರುಗಳೇ. ಒಂದು ಚೀಲಕ್ಕೆ ಒಂದು ತೂಕ, ಒಂದು ದರ್ಜೆ, ಒಂದು ದರ ಎಂದು ವ್ಯವಸ್ಥೆ ಮಾಡಿದ್ದರು. ಆದರೆ ರೈತ ತಂದ ಚೀಲವನ್ನು ಸುರಿದು ಆರಿಸಿದಾಗ ಅದರಲ್ಲಿ ಒಳ್ಳೆಯ ದರ್ಜೆಯ ಚಾಲಿಯ ಜೊತೆ ಕೆಳದರ್ಜೆಯ ಪಟೋರವೂ ಕರಿಗೋಟೂ ಇರುತ್ತವೆ, ಒಂದೊಂದಕ್ಕೂ ಬೇರೆ ದರ. ಮೂರನೆಯ ದಿನ ನಾನು ಹೋಗಿ ನೋಡಿದಾಗ ಗುಮಾಸ್ತರು ಕಂಪ್ಯೂಟರಿನ ಪಕ್ಕದಲ್ಲಿ ನೂರು ಪುಟದ ನೋಟುಪುಸ್ತಕವಿಟ್ಟು, ಗೆರೆ ಹಾಕಿ, ಹಳೆಯ ರೀತಿಯಲ್ಲಿಯೇ ಲೆಕ್ಕ ಬರೆಯುತ್ತಿದ್ದರು. ತಪ್ಪು ಎಲ್ಲಿದೆಯೆಂದು ತೋರಿಸಿಕೊಟ್ಟವಳು ತಂಡದಲ್ಲಿ ಅತ್ಯಂತ ಕಡಿಮೆ ಸಂಬಳದ ಬಿಸಿಎ ಹುಡುಗಿ. ಅವಳ ಮನೆಯ ಅಂಗಳದಲ್ಲಿಯೂ ಅಡಿಕೆ ಒಣಗುತ್ತಿತ್ತು. ಇನ್‌ಫರ್ಮೇಷನ್ ಸಯನ್ಸ್ ಎನ್ನಿ, ಇನ್‌ಫರ್ಮೇಷನ್ ಸಿಸ್ಟಮ್ಸ್ ಎನ್ನಿ, ಈ ವಿದ್ಯೆ ಇದೇ: ಬ್ಯಾಂಕೋ ಆಸ್ಪತ್ರೆಯೋ ಗೋದಾಮೋ, ಅಲ್ಲಿ ಕೆಲಸ ನಡೆಯುವ ಬಗೆಯನ್ನು ತಿಳಿದು ದತ್ತಾಂಶಕ್ಕೆ ಇಳಿಸುವುದು. ಇದರಲ್ಲಿ ಸಂಬಳ ಏರುವುದು ನಾಲ್ಕೈದು ವರ್ಷ ಒಂದೇ ಕ್ಷೇತ್ರದಲ್ಲಿ ಪಳಗಿದ ಮೇಲೆ. ನಿಧಾನವಾಗಿ ಫಲ ಕೊಡುವ ಓದಿಗೆ ಓದು ಮುಗಿದು ವರ್ಷವಾಗುತ್ತಲೇ ಕಂತು ಕೇಳುವ ಸಾಲ ಹೊಂದುವುದಿಲ್ಲ.

ಇಂಜಿನಿಯರಿಂಗೇ ಬೇಕೆಂದಾದರೆ ಮ್ಯಾನೇಜ್‌ಮೆಂಟ್ ಸೀಟಿಗಿಂತ ಮೊದಲು ನೋಡಬೇಕಾದ ಎರಡು ಬಾಗಿಲುಗಳಿವೆ. ಒಂದು, ಕೇರಳದ ಪ್ರವೇಶ ಪರೀಕ್ಷೆಯಾದ ಕೀಮ್ ಮೂಲಕ ಕಾಸರಗೋಡು ಸಮೀಪ ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು. ಇನ್ನೊಂದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಕನ್ನಡಿಗರಿಗೆ ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ಸಿಇಟಿ ಸೀಟುಗಳಿಗಿರುವ ಅರ್ಹತೆ. ಅದಕ್ಕೆ ಬೇಕಾದ ಕನ್ನಡ ಭಾಷಾ ಪರೀಕ್ಷೆಗೆ ಕನ್ನಡ ಮಾಧ್ಯಮದ ನಿಮ್ಮ ಮಗಳು ಹೆದರಬೇಕಾಗಿಲ್ಲ. ಆಕೆ ಸಿಇಟಿ ಬರೆದಿದ್ದಾಳೆಯೇ ಎಂಬ ಮುಖ್ಯ ಸಂಗತಿಯನ್ನೇ ನೀವು ತಿಳಿಸಿಲ್ಲ. ಪ್ರತಿವರ್ಷ ಈ ಮಾಹಿತಿಯನ್ನು ಸಿಇಟಿ ಮುಗಿದ ಮೇಲೆ ಕೇಳುವ ಹೆತ್ತವರನ್ನು ಕಂಡು ನನಗೆ ಬೇಸರವಾಗಿದೆ.

ಇಷ್ಟಾದ ಮೇಲೂ ಸಾಲ ಮಾಡುವುದೇ ಆದರೆ ಓದಿನ ಅವಧಿಯ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿಬಿಡಿ. ಮೊದಲ ವರ್ಷ ಅದು 2,100 ರೂಪಾಯಿಯೊಳಗೆ ಮುಗಿಯುತ್ತದೆ. ಕಂತು ಶುರುವಾಗುವವರೆಗೂ ಹಾಗೆ ಕಟ್ಟಿದರೆ ಮುಂದಿನ ಕಂತು 17,800ರ ಬದಲು 13,200ಕ್ಕೆ ಇಳಿಯುತ್ತದೆ. ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತದೆ. ಆ ಗೆರೆಯ ಕೆಳಗೆ ನಿಲ್ಲಲು ಸಾಧ್ಯವೇ ನೋಡಿ. ಎಲೆಚುಕ್ಕಿ ರೋಗದ ಈ ಕಾಲದಲ್ಲಿ ತೋಟದ ದಾಖಲೆಪತ್ರ ಮನೆಯ ಪೆಟ್ಟಿಗೆಯಲ್ಲಿಯೇ ಇರಲಿ ಎನ್ನುವವನು ನಾನು. ಸಾಲದ ವಿಷಯದಲ್ಲಿ ನಾನು ಅಂಜುಬುರುಕ. ಬೇಕಾದರೆ ಅಷ್ಟನ್ನು ನನ್ನ ಸಲಹೆಯಿಂದ ಕಳೆದು ಓದಿಕೊಳ್ಳಿ.

ಪ್ರಶ್ನೆ: ಇನ್‌ಫರ್ಮೇಷನ್ ಸಯನ್ಸ್ ಕಂಪ್ಯೂಟರ್ ಸಯನ್ಸಿಗಿಂತ ಕೀಳೇ? — ಪೆರ್ಲ

ಉತ್ತರ: ಕ್ಯಾಂಪಸ್ ಸಂದರ್ಶನದಲ್ಲಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಾರೆ, ಹೆಸರಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಪ್ರಶ್ನೆ: ಆರು ತಿಂಗಳ ಡೇಟಾ ಕೋರ್ಸಿಗೆ 90,000 ರೂಪಾಯಿ, ನೂರು ಶೇಕಡಾ ಉದ್ಯೋಗ ಖಾತರಿ ಎನ್ನುತ್ತಾರೆ. ಸೇರಬಹುದೇ? — ಉಪ್ಪಳ

ಉತ್ತರ: ಕೆಲಸ ಸಿಗದಿದ್ದರೆ ಹಣ ವಾಪಸು ಎಂದು ಛಾಪಾ ಕಾಗದದಲ್ಲಿ ಬರೆದುಕೊಡಲು ಹೇಳಿ, ಮರುದಿನದಿಂದ ಅವರ ಫೋನು ನಿಲ್ಲುತ್ತದೆ. ಇದು ಮಾಟ ತೆಗೆಯುತ್ತೇವೆಂದು ತಾಯಿತ ಮಾರುವವರ ವ್ಯಾಪಾರಕ್ಕಿಂತ ಬೇರೆಯಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಇನ್‌ಫರ್ಮೇಷನ್ ಸಿಸ್ಟಮ್ಸ್ ಎಂಎಸ್ ಮಾಡಿದರೆ ಸಾಲ ತೀರುತ್ತದೆಯೇ? — ಕುಂಬಳೆ

ಉತ್ತರ: ಅದು ಅಲ್ಲಿ ಎಷ್ಟು ಕಾಲ ದುಡಿಯಲು ಸಿಗುತ್ತದೆ ಎಂಬುದರ ಮೇಲಿದೆ. ಓದಿದ ಮೇಲೆ ಕೆಲಸ ಮಾಡಲು ಸಿಗುವ ಅವಧಿ 12 ತಿಂಗಳು, ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ ಇನ್ನೂ 24 ತಿಂಗಳು. ಇದೇ ಹೆಸರಿನ ಪದವಿಯನ್ನು ಒಂದು ವಿಶ್ವವಿದ್ಯಾಲಯ ತಂತ್ರಜ್ಞಾನದ ಕೋಡಿನಲ್ಲಿ, ಇನ್ನೊಂದು ವಾಣಿಜ್ಯದ ಕೋಡಿನಲ್ಲಿ ನಡೆಸುವುದುಂಟು, ಎರಡನೆಯದು ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಆಮೇಲೆ ಅಲ್ಲಿ ಕೆಲಸ ಮುಂದುವರಿಸಲು ಬೇಕಾದ ಎಚ್-1ಬಿ ವೀಸಾ ವರ್ಷಕ್ಕೆ 65,000 ಮತ್ತು ಅಲ್ಲಿಯ ಸ್ನಾತಕೋತ್ತರರಿಗೆ 20,000 ಎಂಬ ಮಿತಿಯದು, ಆಯ್ಕೆ ಲಾಟರಿಯಿಂದ. ಅರ್ಜಿ ಶುಲ್ಕ ಕಟ್ಟುವ ಮೊದಲು ಕೋರ್ಸು ಯಾವ ವಿಷಯಕ್ಕೆ ಸೇರಿದ್ದೆಂದು ತಿಳಿಸುವ ಸಿಐಪಿ ಕೋಡ್ ಯಾವುದೆಂದು ವಿಶ್ವವಿದ್ಯಾಲಯಕ್ಕೇ ಇಮೇಲ್ ಬರೆದು ಕೇಳಿ, ಏಜೆಂಟರಲ್ಲಿ ಅಲ್ಲ.